ಆಟ ಊರಿನದು, ಹಕ್ಕು ಯಾರದು?

ಮೀನ ಮಾಸ ಬಂದಿತೆಂದರೆ ದಕ್ಷಿಣ ಕನ್ನಡದ ಮನೆಮನೆಯ ಮಾತಿನಲ್ಲಿ ಪೊಳಲಿಯ ಹೆಸರು ಕೇಳಿಬರುತ್ತದೆ. ಬಂಟ್ವಾಳ ತಾಲೂಕಿನ ಕರಿಯಂಗಳ ಗ್ರಾಮದಲ್ಲಿ, ಫಲ್ಗುಣಿ ನದಿಯ ಮಗ್ಗುಲಲ್ಲಿ, ಶ್ರೀ ರಾಜರಾಜೇಶ್ವರಿಯ ಪುರಾತನ ದೇಗುಲವಿದೆ. ಗರ್ಭಗುಡಿಯಲ್ಲಿರುವುದು ಶಿಲೆಯ ಮೂರ್ತಿಯಲ್ಲ, ಮಣ್ಣಿನ ಮೂರ್ತಿ. ಸುಮಾರು ಒಂದು ತಿಂಗಳ ಕಾಲ ನಡೆಯುವ ಜಾತ್ರೆಯ ಕೊನೆಗೆ ಗದ್ದೆಯಲ್ಲಿ ಐದು ದಿನ ಚೆಂಡಾಟ ನಡೆಯುವುದು ಸುತ್ತಲಿನ ಊರುಗಳಿಗೆಲ್ಲ ಪರಿಚಿತವಾದ ಸಂಗತಿ.

ಚೆಂಡು ಮುಗಿದರೂ ಗದ್ದೆಗೆ ಬಿಡುವಿಲ್ಲ. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಪತ್ತನಾಜೆಯವರೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಈ ಸೀಮೆಯ ಬಯಲುಗಳಲ್ಲಿ ರಾತ್ರಿ ರಾತ್ರಿ ಆಟವಾಡುತ್ತವೆ. ಕುಟುಂಬವೊಂದು ಹರಕೆ ಹೊತ್ತಿರುತ್ತದೆ. ಮಗುವಿಗೆ ಕಾಯಿಲೆ ವಾಸಿಯಾಯಿತು, ಮನೆ ಕಟ್ಟಿ ಮುಗಿಯಿತು, ಮಗಳ ಮದುವೆ ಕೂಡಿಬಂದಿತು. ಮೇಳಕ್ಕೆ ವೀಳ್ಯ ಕೊಟ್ಟು ಆಟ ಆಡಿಸುತ್ತಾರೆ. ನೋಡುವವರು ಕಾಸು ಕೊಡಬೇಕಾಗಿಲ್ಲ. ಭಾಗವತರು ಜಾಗಟೆ ಹಿಡಿದು ಪದ್ಯವೆತ್ತುತ್ತಾರೆ, ಚೆಂಡೆ ಮದ್ದಳೆಗಳು ಜೊತೆಗೂಡುತ್ತವೆ, ವೇಷಧಾರಿ ಕುಣಿದು ಪದ್ಯದ ಅರ್ಥವನ್ನು ತನ್ನ ಮಾತಿನಲ್ಲಿ ಅಲ್ಲಿಯೇ ಕಟ್ಟಿ ಹೇಳುತ್ತಾನೆ.

ಈಗ ಆ ಬಯಲಿನಲ್ಲಿ ಇನ್ನೊಂದು ದೃಶ್ಯವೂ ಸೇರಿಕೊಂಡಿದೆ. ಮುಂದಿನ ಸಾಲಿನಲ್ಲಿ ಹತ್ತಾರು ಕೈಗಳು ಮೊಬೈಲ್ ಫೋನು ಹಿಡಿದು ಮೇಲೆದ್ದಿರುತ್ತವೆ. ಬೆಳಗಾಗುವುದರೊಳಗೆ ಮಹಿಷಾಸುರನ ಪ್ರವೇಶವೋ ದೇವಿಯ ಉಯ್ಯಾಲೆಯೋ ಬೆಂಗಳೂರು, ಮುಂಬಯಿ, ದುಬಾಯಿಗಳ ಮನೆಗಳನ್ನು ತಲಪಿರುತ್ತದೆ. ನೋಡಿದವರಿಗೆ ಸಂತೋಷ, ತೋರಿಸಿದವರಿಗೆ ಕೆಲವೊಮ್ಮೆ ಜಾಹೀರಾತಿನ ಆದಾಯವೂ ಉಂಟು. ಹಾಡಿದವರಿಗೆ, ಕುಣಿದವರಿಗೆ, ಪದ್ಯ ಬರೆದವರಿಗೆ ಏನು ಎಂಬ ಪ್ರಶ್ನೆ ಮಾತ್ರ ಬಯಲಿನಲ್ಲಿಯೇ ಉಳಿಯುತ್ತದೆ. ಈ ಪ್ರಶ್ನೆಯ ಒಂದು ಮುಖ ದೇಶದ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ ಬಂದುದು ಕರಾವಳಿಯ ಹೊರಗಿನ ಅನೇಕರಿಗೆ ತಿಳಿಯದು.

ದೇವರ ಹೆಸರಿನ ಮರೆಯಲ್ಲಿ ಕವಿ

ಹಳೆಯ ಕಾಲದಲ್ಲಿ ಈ ತಕರಾರಿಗೆ ಎಡೆಯಿರಲಿಲ್ಲ. ಪ್ರಸಂಗ ಬರೆದ ಕವಿ ತನ್ನ ಹೆಸರನ್ನು ದೊಡ್ಡದಾಗಿ ಸಾರಿಕೊಳ್ಳುತ್ತಿರಲಿಲ್ಲ. ತನ್ನ ಊರಿನ ದೇವರ ಹೆಸರನ್ನು ಅಂಕಿತವಾಗಿ ಇಡುತ್ತಿದ್ದನು. ಕುಂಬಳೆ ಸೀಮೆಯ ಪಾರ್ತಿಸುಬ್ಬನದೆಂದು ಹೇಳುವ ರಾಮಾಯಣದ ಪ್ರಸಂಗಗಳಲ್ಲಿ ಕಣಿಪುರದ ಗೋಪಾಲಕೃಷ್ಣನ ಹೆಸರು ಬರುವುದು ಹೀಗೆಯೇ. ಓಲೆಗರಿಯಿಂದ ಓಲೆಗರಿಗೆ, ಭಾಗವತನಿಂದ ಶಿಷ್ಯನಿಗೆ ಪದ್ಯಗಳು ನಡೆದು ಬಂದುವು. ದಾರಿಯಲ್ಲಿ ಒಬ್ಬನು ಒಂದು ಪದ್ಯ ಸೇರಿಸಿದನು, ಇನ್ನೊಬ್ಬನು ಎರಡನ್ನು ಬಿಟ್ಟನು. ಅದನ್ನು ಕಳವೆಂದು ಯಾರೂ ಕರೆಯಲಿಲ್ಲ.

ಅಚ್ಚಿನ ಯಂತ್ರ ಬಂದ ಮೇಲೆ ಪರಿಸ್ಥಿತಿ ತುಸು ಬದಲಾಯಿತು. ಉಡುಪಿಯಲ್ಲಿ ಪಾವಂಜೆ ಗುರುರಾಯರು ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯದ ಮೂಲಕ ಪ್ರಸಂಗಗಳನ್ನು ಅಚ್ಚು ಹಾಕಿಸಿ ಹಂಚಿದರು. ಅಗ್ಗದ ಕಾಗದದ ಆ ಪುಸ್ತಕಗಳಿಲ್ಲದಿದ್ದರೆ ಎಷ್ಟೋ ಪದ್ಯಗಳು ಗೆದ್ದಲಿನ ಪಾಲಾಗುತ್ತಿದ್ದುವು. ಪುಸ್ತಕದೊಡನೆ ಅದರ ಬೆನ್ನ ಹಿಂದೆಯೇ ಬಂದ ಮಾತು ‘ಗ್ರಂಥಸ್ವಾಮ್ಯ’. ಆ ಶಬ್ದವೇ ಯಕ್ಷಗಾನಕ್ಕೆ ಸರಿಹೊಂದದು. ಆಟವೆಂಬುದು ಗ್ರಂಥದಲ್ಲಿರುವುದು ಎಷ್ಟು? ಪದ್ಯ ಮಾತ್ರ. ರಾಗದ ಆಯ್ಕೆ ಭಾಗವತರದು, ಹೆಜ್ಜೆ ಪರಂಪರೆಯದು, ಮಾತು ಅಂದಿನ ರಾತ್ರಿಯ ವೇಷಧಾರಿಯದು. ‘ಕೃತಿಸ್ವಾಮ್ಯ’ ಎಂಬ ಈಚಿನ ಶಬ್ದ ಸ್ವಲ್ಪ ವಿಶಾಲವಾದುದಾದರೂ ‘ಕೃತಿ’ ಎಲ್ಲಿಂದ ಎಲ್ಲಿಯವರೆಗೆ ಎಂಬ ತೊಡಕು ಅದರಲ್ಲಿಯೂ ಉಳಿದೇ ಇದೆ.

1957ರಲ್ಲಿ ಅಂಗೀಕೃತವಾಗಿ 1958ರ ಜನವರಿಯಲ್ಲಿ ಜಾರಿಗೆ ಬಂದ ಭಾರತದ ಕೃತಿಸ್ವಾಮ್ಯ ಕಾನೂನು ನಾಟ್ಯಕೃತಿಯೆಂದರೆ ಏನೆಂಬುದನ್ನು ಹೇಳುವಾಗ ನೃತ್ಯಸಂಯೋಜನೆಯನ್ನೂ ಮೂಕಾಭಿನಯವನ್ನೂ ಹೆಸರಿಸುತ್ತದೆ. ಆದರೆ ಅದಕ್ಕೊಂದು ಕಟ್ಟಳೆ ಉಂಟು: ಆ ರಂಗವಿನ್ಯಾಸವೋ ಅಭಿನಯದ ರೂಪವೋ ಬರಹದಲ್ಲಿಯಾಗಲಿ ಬೇರೆ ರೀತಿಯಲ್ಲಿಯಾಗಲಿ ನೆಲೆಗೊಳಿಸಿದುದಾಗಿರಬೇಕು. ಕಥೆಗೆ, ವಿಚಾರಕ್ಕೆ ಒಡೆತನವಿಲ್ಲ. ಅದನ್ನು ಒಬ್ಬನು ಹೊರಗೆಡಹಿದ ರೂಪಕ್ಕೆ ಒಡೆತನವುಂಟು. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದ್ ಅವರ ನಾಟಕ ಮತ್ತು ‘ನ್ಯೂ ಡೆಲ್ಲಿ’ ಎಂಬ ಚಲನಚಿತ್ರದ ಮೊಕದ್ದಮೆಯಲ್ಲಿ ವಿವರವಾಗಿ ಹೇಳಿದ್ದಿತು. ಪೊಳಲಿಯವರಿಗೆ ಇದನ್ನು ತಿಳಿಸುವುದು ಸುಲಭ. ಮಣ್ಣು ಎಲ್ಲರದು, ಮೂರ್ತಿಯ ರೂಪ ಅದನ್ನು ತಿದ್ದಿದವನ ಕೈಯದು.

ಕಾರಂತರ ಯಕ್ಷರಂಗ

ಪೊಳಲಿಯ ಕಡೆಯದು ತೆಂಕುತಿಟ್ಟಿನ ಆಟ. ಮೊಕದ್ದಮೆ ಹುಟ್ಟಿದುದು ಉತ್ತರಕ್ಕೆ, ಬಡಗುತಿಟ್ಟಿನ ನೆಲವಾದ ಉಡುಪಿಯಲ್ಲಿ. ಅದರ ಕೇಂದ್ರದಲ್ಲಿದ್ದವರು ಡಾ. ಕೋಟ ಶಿವರಾಮ ಕಾರಂತರು.

ಕಾರಂತರು ಯಕ್ಷಗಾನಕ್ಕೆ ಕೊಟ್ಟ ದುಡಿಮೆಯನ್ನು ಹೇಳಹೊರಟರೆ ಅದೇ ಒಂದು ಲೇಖನವಾದೀತು. ‘ಯಕ್ಷಗಾನ ಬಯಲಾಟ’ ಎಂಬ ಅವರ ಸಂಶೋಧನ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಪಾರ್ತಿಸುಬ್ಬನ ಹೆಸರಿನಲ್ಲಿ ನಡೆಯುವ ಪ್ರಸಂಗಗಳು ನಿಜವಾಗಿ ಅವನವೇ ಎಂದು ಸಂಶಯವೆತ್ತಿ ಕರಾವಳಿಯ ವಿದ್ವಾಂಸರಲ್ಲಿ ದೊಡ್ಡ ವಿವಾದವನ್ನೆಬ್ಬಿಸಿದವರೂ ಅವರೇ. ಸುಬ್ಬನ ಪಕ್ಷದಲ್ಲಿ ಮುಳಿಯ ತಿಮ್ಮಪ್ಪಯ್ಯನವರೂ ಕುಕ್ಕಿಲ ಕೃಷ್ಣ ಭಟ್ಟರೂ ನಿಂತರು. ಕವಿ ಯಾರು ಎಂಬ ಜಗಳ ಹೀಗೆ ಯಕ್ಷಗಾನಕ್ಕೆ ಹೊಸದಾಗಿರಲಿಲ್ಲ. ಆದರೆ ಅದು ಪಾಂಡಿತ್ಯದ ಜಗಳ. ಗೆದ್ದವರಿಗೂ ಸೋತವರಿಗೂ ಒಂದು ಕಾಸಿನ ಲಾಭನಷ್ಟವಿರಲಿಲ್ಲ.

ಮುಂದೆ ಕಾರಂತರು ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಪಾತ್ರಧಾರಿಗಳ ಮಾತನ್ನು ತೆಗೆದು ಹಾಡು, ಕುಣಿತ, ಅಭಿನಯಗಳಿಂದಲೇ ಕಥೆಯನ್ನು ನಡೆಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು. ವೇಷಭೂಷಣಗಳ ವಿಷಯದಲ್ಲಿ ಅವರದು ಕಟ್ಟುನಿಟ್ಟು. ‘ಯಕ್ಷರಂಗ’ವೆಂದು ಹೆಸರಾದ ಈ ಪ್ರಯೋಗವನ್ನು ಹೊರನಾಡುಗಳಲ್ಲಿ ಮೆಚ್ಚಿದರು, ಕರಾವಳಿಯಲ್ಲಿ ಮೂಗು ಮುರಿದವರೂ ಕಡಮೆಯಿರಲಿಲ್ಲ. ಮಾತಿಲ್ಲದ ಆಟ ಆಟವೇ? ಸ್ಯಾಕ್ಸೊಫೋನಿಗೂ ಪರಂಪರೆಗೂ ಏನು ನಂಟು? ಇದು ಯಕ್ಷಗಾನವಲ್ಲ, ಕಾರಂತರ ಗಾನ ಎಂದು ಹಳಬರು ಹೇಳುತ್ತಿದ್ದುದುಂಟು.

ಈ ಆಕ್ಷೇಪಕ್ಕೆ ಮುಂದೆ ಒದಗಿದ ಗತಿ ವಿಚಿತ್ರವಾದುದು.

1994ರ ಜೂನ್ 18ರಂದು ಕಾರಂತರು ಮರಣಶಾಸನವೊಂದನ್ನು ಬರೆದರು. ಅನೇಕ ವರ್ಷ ಅವರ ಬರವಣಿಗೆಗೆ ನೆರವಾಗಿದ್ದ ಬಿ. ಮಾಲಿನಿ ಮಲ್ಯ ಅವರಿಗೆ ಸಾಹಿತ್ಯಕೃತಿಗಳ ಹಕ್ಕನ್ನು ಅದರಲ್ಲಿ ಕೊಟ್ಟಿದ್ದರು. ಬೇರೆಯವರಿಗೆ ಹಂಚದೆ ಉಳಿದುದೂ ಅವರಿಗೇ ಸಲ್ಲತಕ್ಕದ್ದೆಂಬ ಕೊನೆಯ ವಾಕ್ಯವೊಂದು ಅದರಲ್ಲಿ ಇದ್ದಿತು. ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. 2001ರ ಸೆಪ್ಟೆಂಬರ್ 18ರಂದು ಹೊಸ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನ ನಡೆಯಿತು. ನಡೆಸಿದವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನೂ ಯಕ್ಷಗಾನ ಕೇಂದ್ರವನ್ನೂ ನಡೆಸಿಕೊಂಡು ಬಂದ ಸಂಸ್ಥೆ. ಕಾರಂತರು ತಮ್ಮ ಪ್ರಯೋಗಗಳನ್ನು ನಡೆಸಿದುದೂ ಆ ಸಂಸ್ಥೆಯ ಆಶ್ರಯದಲ್ಲಿಯೇ. ತಮ್ಮ ಅನುಮತಿಯನ್ನು ಕೇಳಲಿಲ್ಲವೆಂದು ಮಾಲಿನಿ ಮಲ್ಯ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ‘ಅಭಿಮನ್ಯು ವಧೆ’ಯೊಂದೇ ಅಲ್ಲ; ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಕನಕಾಂಗಿ’, ‘ಚಿತ್ರಾಂಗದಾ’, ‘ಪಂಚವಟಿ’ ಮೊದಲಾಗಿ ಒಟ್ಟು ಏಳು ಪ್ರಸಂಗಗಳ ಹಕ್ಕು ತಮ್ಮದೆಂದು ಘೋಷಿಸಬೇಕೆಂಬುದು ಅವರ ಬೇಡಿಕೆ.

ಸಂಸ್ಥೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಣ ನಮ್ಮದು, ಕಲಾವಿದರು ನಮ್ಮವರು, ಕಾರಂತರು ನಮ್ಮ ಕೇಂದ್ರದ ನಿರ್ದೇಶಕರಾಗಿ ಇದನ್ನು ರೂಪಿಸಿದರು. ಆದುದರಿಂದ ಒಡೆತನವೂ ಸಂಸ್ಥೆಯದು ಎಂಬುದು ಅದರ ಸಾರ. ನೌಕರನು ಕೆಲಸದ ಅಂಗವಾಗಿ ಸೃಷ್ಟಿಸಿದುದು ಬೇರೆ ಕರಾರಿಲ್ಲದಿದ್ದರೆ ಧಣಿಗೆ ಸೇರತಕ್ಕದ್ದೆಂದು ಕಾನೂನೇ ಹೇಳುತ್ತದೆ. ನ್ಯಾಯಾಲಯಗಳು ಈ ವಾದವನ್ನು ಒಪ್ಪಲಿಲ್ಲ. ಜಿಲ್ಲಾ ನ್ಯಾಯಾಲಯ ವಾದಿಯ ಪರವಾಗಿ ತೀರ್ಪು ಕೊಟ್ಟಿತು, ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಂಸ್ಥೆ ದೆಹಲಿಗೆ ಹೋಯಿತು.

ಪ್ರಸಂಗದ ಕಥೆ ಮಹಾಭಾರತದ್ದು, ಕುಣಿತದ ಮೂಲ ಬಡಗುತಿಟ್ಟಿನದು. ಹಾಗಿರುವಾಗ ಕಾರಂತರದೆಂಬುದು ಯಾವುದು? ಅವರು ಹೊಸದಾಗಿ ತಂದ ವೇಷಭೂಷಣದ ಕ್ರಮ, ನೃತ್ಯಸಂಯೋಜನೆ, ನಿರ್ದೇಶನ; ಹಳಬರು ‘ಇದು ನಮ್ಮದಲ್ಲ’ ಎಂದು ದೂರವಿಟ್ಟುದೆಲ್ಲವೂ. ಪರಂಪರೆಯಿಂದ ಬೇರೆಯಾಗಿದೆ ಎಂಬ ನಿಂದೆಯೇ ಅವರ ವಾರಸುದಾರರಿಗೆ ಆಧಾರವಾಯಿತು. ಕಾರಂತರು ಪರಂಪರೆಗೆ ಅಂಟಿಕೊಂಡು ಒಂದು ಹೆಜ್ಜೆಯನ್ನೂ ಬದಲಾಯಿಸದೆ ಇದ್ದಿದ್ದರೆ ಮರಣಶಾಸನದಲ್ಲಿ ಕೊಡಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ತೀರ್ಪಿನ ಎರಡು ಬಾಗಿಲು

2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಸ್. ಬಿ. ಸಿನ್ಹಾ ಮತ್ತು ನ್ಯಾಯಮೂರ್ತಿ ಸಿರಿಯಾಕ್ ಜೋಸೆಫ್ ಅವರು ತೀರ್ಪಿತ್ತರು. ಹಾಡುಗಳು ಸಾಹಿತ್ಯಕೃತಿಯಾಗಬಹುದು, ಆದರೆ ಈ ನೃತ್ಯರೂಪ ನಾಟ್ಯಕೃತಿ. ಸಾಹಿತ್ಯಕೃತಿಗಳನ್ನು ಕುರಿತ ಮರಣಶಾಸನದ ಭಾಗದಲ್ಲಿ ಅದು ಅಡಕವಾಗದು. ಹಂಚದೆ ಉಳಿದುದನ್ನು ಕುರಿತ ಕೊನೆಯ ವಾಕ್ಯದಿಂದ ಅದು ಮಾಲಿನಿ ಮಲ್ಯ ಅವರಿಗೆ ಸಲ್ಲುತ್ತದೆ. ಒಂದು ಕಲಾಪ್ರಕಾರದ ಒಡೆತನ ‘ಉಳಿದುದೆಲ್ಲ’ ಎಂಬ ಶಬ್ದದಲ್ಲಿ ನಿಂತಿತು. ಉಯಿಲು ಬರೆಯುವವರು ಗಮನಿಸಬೇಕಾದ ಸಂಗತಿ.

ಹಕ್ಕು ವಾದಿಯದೆಂದು ಹೇಳಿ ನ್ಯಾಯಾಲಯವು ಅಲ್ಲಿಗೇ ನಿಲ್ಲಲಿಲ್ಲ. ಈ ಏಳು ಪ್ರಸಂಗಗಳನ್ನು ಯಾರೂ ಆಡಕೂಡದೆಂಬ ಅರ್ಥ ಬರಬಾರದು. ಕಾರಂತರು ಕಲ್ಪಿಸಿದ ವೇಷ, ನೃತ್ಯ, ನಿರ್ದೇಶನಗಳ ರೀತಿಯಲ್ಲಿ ಆಡುವುದಾದರೆ ಮಾತ್ರ ಕೃತಿಸ್ವಾಮ್ಯ ಕಾನೂನಿಗೆ ಅನುಸಾರವಾಗಿ ಆಡಬೇಕು. ಆ ಕಾನೂನಿನಲ್ಲಿಯೇ, 52ನೆಯ ಕಲಮಿನಲ್ಲಿ, ಅನುಮತಿ ಬೇಡದ ಸಂದರ್ಭಗಳ ಉದ್ದನೆಯ ಪಟ್ಟಿಯಿದೆ. ವಿದ್ಯಾಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮವರ ಮುಂದೆ, ಮಕ್ಕಳ ತಾಯಿತಂದೆಯರ ಮುಂದೆ ಆಡಬಹುದು. ಹವ್ಯಾಸಿ ಸಂಘವೊಂದು ಕಾಸು ಕೊಡದ ಪ್ರೇಕ್ಷಕರಿಗೋ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವೋ ಆಡಬಹುದು. ಈ ಸೌಲಭ್ಯ ಸಂಸ್ಥೆಗೂ ಉಂಟೆಂದು ಹೇಳಿ, ಕೆಳಗಿನ ನ್ಯಾಯಾಲಯದ ತಡೆಯಾಜ್ಞೆಯನ್ನು ಆ ಮಟ್ಟಿಗೆ ಸಡಿಲಿಸಿತು. ವಾದಿಗೆ ಹಕ್ಕೂ ದೊರೆಯಿತು, ಶಾಲೆಯ ಹುಡುಗರಿಗೆ ಆಟವೂ ಉಳಿಯಿತು. ಎರಡು ಕಡೆಯವರೂ ಅರ್ಧ ಅರ್ಧ ಗೆದ್ದರೆನ್ನುವುದಕ್ಕಿಂತ, ಕಾನೂನು ಬರೆದವರು ಇಂತಹ ದಿನವನ್ನು ಮುಂದಾಗಿಯೇ ಊಹಿಸಿದ್ದರೆನ್ನುವುದು ಸರಿಯಾದೀತು.

ಪೊಳಲಿಯ ಬಯಲಿಗೆ ಇದನ್ನು ಅನ್ವಯಿಸಿದರೆ ಮಾತ್ರ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಹರಕೆಯಾಟದ ಪ್ರೇಕ್ಷಕರು ಕಾಸು ಕೊಡುವುದಿಲ್ಲ, ನಿಜ. ಆದರೆ ಮೇಳವು ಹವ್ಯಾಸಿ ಸಂಘವಲ್ಲ; ವೃತ್ತಿ ಕಲಾವಿದರ ತಂಡ, ವೀಳ್ಯ ಪಡೆದು ಆಡುವಂಥದು. ಹಾಗಾದರೆ ಆ ಬಾಗಿಲು ಮುಚ್ಚಿತೆ? ಪಕ್ಕದಲ್ಲಿಯೇ ಇನ್ನೊಂದು ಬಾಗಿಲಿದೆ. ನಿಜವಾದ ಧಾರ್ಮಿಕ ವಿಧಿಯ ಅಂಗವಾಗಿ ನಡೆಯುವ ಪ್ರದರ್ಶನಕ್ಕೆ ಅನುಮತಿ ಬೇಡವೆಂದು 1994ರ ತಿದ್ದುಪಡಿ ಹೇಳುತ್ತದೆ. ಮದುವೆಯ ದಿಬ್ಬಣವನ್ನೂ ಅದರಲ್ಲಿ ಸೇರಿಸಿದೆ. ಚೌಕಿಯಲ್ಲಿ ದೇವರ ಪೂಜೆಯಾಗಿ ಆರಂಭವಾಗುವ, ಸೇವೆಯೆಂದೇ ರಸೀದಿ ಕೊಡುವ ಆಟ ಧಾರ್ಮಿಕ ವಿಧಿಯಲ್ಲವೆಂದು ಕರಾವಳಿಯಲ್ಲಿ ಯಾರು ತಾನೆ ಹೇಳಿಯಾರು? ಇತ್ತ, ಹೊಸ ಪ್ರಸಂಗ ಬರೆದ ಕವಿಯ ಮಗ ಬಂದು, ‘ನನ್ನ ತಂದೆಯ ಪದ್ಯದಿಂದ ಮೇಳಕ್ಕೆ ನೂರು ರಾತ್ರಿ ವೀಳ್ಯ ಬಂದಿತು, ನಮ್ಮ ಮನೆಗೆ ಏನು ಬಂದಿತು?’ ಎಂದು ಕೇಳಿದರೆ ಅದನ್ನೂ ಅನ್ಯಾಯದ ಪ್ರಶ್ನೆಯೆನ್ನಲಾಗದು. ದೇವರ ಸೇವೆಯೆಂಬ ಮಾತು ಮೇಳಕ್ಕೆ ಒಂದು ಬೆಲೆಗೂ ಕವಿಗೆ ಒಂದು ಬೆಲೆಗೂ ಸಲ್ಲುವುದು ಹೇಗೆ?

ಇದು ಊಹೆಯ ಪ್ರಶ್ನೆಯಲ್ಲ. ಕಟೀಲು ಮೇಳದ ಪ್ರಧಾನ ಭಾಗವತರಾಗಿದ್ದು, ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲಸಿದ್ದ ಬಲಿಪ ನಾರಾಯಣ ಭಾಗವತರು ಹಾಡುಗಾರರಷ್ಟೇ ಅಲ್ಲ, ಪ್ರಸಂಗಕರ್ತರೂ ಆಗಿದ್ದರು. ಐದು ದಿನ ಆಡುವ ‘ದೇವಿ ಮಹಾತ್ಮೆ’ ಅವರ ರಚನೆ. ಅವರು 2023ರಲ್ಲಿ ತೀರಿಕೊಂಡರು. ಕರ್ತೃವಿನ ಮರಣದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರತಕ್ಕದ್ದೆಂಬ ಲೆಕ್ಕದಂತೆ ಅವರ ಪದ್ಯಗಳಿಗೆ 2083ರ ಕೊನೆಯವರೆಗೆ ಕಾನೂನಿನ ಕಾವಲಿದೆ. ಈ 60 ವರ್ಷದ ಲೆಕ್ಕಕ್ಕೂ ಒಂದು ಹಿನ್ನೆಲೆಯುಂಟು. ಮೊದಲು ಇದ್ದುದು 50 ವರ್ಷ. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳು 1991ರ ಕೊನೆಗೆ ವಿಶ್ವಭಾರತಿಯ ಕೈ ತಪ್ಪಿಹೋಗುವುದರಲ್ಲಿದ್ದುವು. ಆಗ ಕಾನೂನನ್ನು ತಿದ್ದಿ ಹತ್ತು ವರ್ಷ ಹೆಚ್ಚಿಸಿದರು. ಬಂಗಾಳದ ಕವಿಯೊಬ್ಬರಿಗಾಗಿ ಆದ ತಿದ್ದುಪಡಿಯ ಫಲ ಮಾರೂರಿನ ಭಾಗವತರ ಪದ್ಯಗಳಿಗೂ ಬಂದಿದೆ.

ಮಾತಿನ ಒಡೆಯ

ಪದ್ಯದ ಕಥೆ ಹೀಗಾದರೆ ಮಾತಿನ ಕಥೆ ಇನ್ನೂ ಸೂಕ್ಷ್ಮ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳುವುದನ್ನು ಕೇಳಲು ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಆ ಮಾತು ಎಲ್ಲಿಯೂ ಬರೆದಿಟ್ಟುದಲ್ಲ. ಒಂದು ರಾತ್ರಿ ಹೇಳಿದುದು ಇನ್ನೊಂದು ರಾತ್ರಿ ಹಾಗೆಯೇ ಬಾರದು. ನೆಲೆಗೊಳಿಸಿದ ಕೃತಿಯೆಂಬ ಅಳತೆಗೋಲಿಗೆ ಅದು ಸಿಕ್ಕುವುದಿಲ್ಲ. ಕ್ಯಾಸೆಟ್ಟುಗಳ ಯುಗದಲ್ಲಿ ಅಂಗಡಿಗಳಲ್ಲಿ ತಾಳಮದ್ದಳೆ ಮಾರಾಟವಾಗತೊಡಗಿದಾಗ ಅರ್ಥಧಾರಿಯ ಹಕ್ಕೆಂಬುದು ಕಾನೂನಿನಲ್ಲಿ ಹುಟ್ಟಿಯೇ ಇರಲಿಲ್ಲ.

1994ರ ತಿದ್ದುಪಡಿಯಿಂದ ಪ್ರದರ್ಶಕನ ಹಕ್ಕು ಎಂಬುದೊಂದು ಬಂದಿತು. ಪ್ರದರ್ಶಕನೆಂದರೆ ಯಾರೆಂದು ಹೇಳುವಾಗ ಕಾನೂನು ನಟ, ಗಾಯಕ, ನರ್ತಕರ ಜೊತೆಗೆ ದೊಂಬನನ್ನೂ ಗಾರುಡಿಗನನ್ನೂ ಹಾವಾಡಿಗನನ್ನೂ ಭಾಷಣಕಾರನನ್ನೂ ಹೆಸರಿಸುತ್ತದೆ. ಅರ್ಥಧಾರಿಯ ಹೆಸರು ಅಲ್ಲಿಲ್ಲ. ಹಾವಾಡಿಗನಿಗೆ ಸಿಕ್ಕಿದ ಸ್ಥಾನ ಶೇಣಿಯವರಿಗೆ ದಕ್ಕದೆ ಹೋದೀತೇ, ‘ಪ್ರದರ್ಶನ ನೀಡುವ ಬೇರೆ ಯಾರೇ ಆಗಲಿ’ ಎಂಬ ಮಾತಿನಲ್ಲಿ ಅವರೂ ಬಂದರು. ಮೊದಲು 25 ವರ್ಷವಿದ್ದ ಈ ಹಕ್ಕನ್ನು ಬಳಿಕ 50 ವರ್ಷಕ್ಕೆ ಏರಿಸಿದರು. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿಮಾಡಿತು: ಪ್ರದರ್ಶನವನ್ನು ಮುದ್ರಿಸುವುದು, ಪ್ರತಿ ಮಾಡುವುದು, ಪ್ರಸಾರ ಮಾಡುವುದು ಪ್ರದರ್ಶಕನ ಒಪ್ಪಿಗೆಯಿಂದಲೇ ಆಗಬೇಕು, ಅವನ ಹೆಸರನ್ನು ಹೇಳಬೇಕು, ಅವನ ಕೀರ್ತಿಗೆ ಕುಂದು ಬರುವಂತೆ ತಿರುಚಬಾರದು. ಸ್ವಂತಕ್ಕಾಗಿ ಮುದ್ರಿಸಿಟ್ಟುಕೊಳ್ಳುವುದಕ್ಕೆ, ಪಾಠಕ್ಕೆ, ಸಂಶೋಧನೆಗೆ ಅಡ್ಡಿಯಿಲ್ಲ.

ಎಂದರೆ ಪೊಳಲಿಯ ಗದ್ದೆಯಲ್ಲಿ ಫೋನು ಹಿಡಿದು ಕೂತ ಅಜ್ಜಿ ಮನೆಯಲ್ಲಿ ಮತ್ತೊಮ್ಮೆ ನೋಡಲೆಂದು ಮುದ್ರಿಸಿಕೊಂಡರೆ ತಪ್ಪಿಲ್ಲ. ಅದನ್ನೇ ಮೊಮ್ಮಗ ಯೂಟ್ಯೂಬಿಗೆ ಏರಿಸಿ ಜಾಹೀರಾತಿನ ಹಣ ಪಡೆದರೆ ವೇಷಧಾರಿಗೆ ಆಕ್ಷೇಪಿಸುವ ಹಕ್ಕುಂಟು. ಆದರೆ ಹಕ್ಕಿರುವುದು ಬೇರೆ, ಅದನ್ನು ಕೇಳುವುದು ಬೇರೆ. ಕಲಾವಿದನಿಗೆ ಈ ಪ್ರಸಾರದಿಂದ ಹೆಸರೂ ಬರುತ್ತದೆ. ಮುಂದಿನ ತಿರುಗಾಟದಲ್ಲಿ ಮೇಳ ಅವನಿಗೆ ಕೊಡುವ ಸಂಬಳ ಆ ಹೆಸರನ್ನು ನೋಡಿ ಏರಲೂಬಹುದು. ಅಭಿಮಾನಿಗಳ ಮೇಲೆ ದೂರು ಕೊಟ್ಟ ವೇಷಧಾರಿಯನ್ನು ಮರುವರ್ಷ ಕರೆಯುವವರು ಯಾರು? ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವನ್ನು ಹೇಗೆ ಕಳೆಯುವುದೆಂದು ಯೋಚಿಸುವವನಿಗೆ ವಕೀಲರ ಶುಲ್ಕ ಎಲ್ಲಿಂದ ಬರಬೇಕು? ಸಿನಿಮಾ ಹಾಡುಗಳಿಗೆ ಗೌರವಧನ ಸಂಗ್ರಹಿಸಲು ಸಂಘಗಳಿವೆ; ಬಯಲಾಟದವನ ಪರವಾಗಿ ಕೇಳುವ ಕೆಲಸಕ್ಕೆ ಅಷ್ಟು ಬಲವಾದ ಕೈ ಬೇಕಾಗಿದೆ. ಮೇಳಗಳನ್ನು ನಡೆಸುವ ದೇವಸ್ಥಾನಗಳೂ ಯಜಮಾನರೂ ಕಲಾವಿದರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಮುದ್ರಣದ ಆದಾಯಕ್ಕೆ ಒಂದು ಸಾಲನ್ನು ಸೇರಿಸುವುದು ಕಷ್ಟವಾದ ಕೆಲಸವಲ್ಲ.

ಕರ್ತೃವಿಲ್ಲದ ಕಲೆಗಳ ಗತಿಯೇನೆಂದು ಲೋಕವೂ ಯೋಚಿಸದೆ ಇಲ್ಲ. 1967ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ ಒಂದು ಮಾತನ್ನು ಸೇರಿಸಿದರು: ಹೆಸರು ತಿಳಿಯದ ಕರ್ತೃಗಳ ಅಪ್ರಕಟಿತ ಕೃತಿಗಳ ಪರವಾಗಿ ಆಯಾ ದೇಶವು ಒಂದು ಅಧಿಕಾರ ಸಂಸ್ಥೆಯನ್ನು ನೇಮಿಸಬಹುದು. ಉದ್ದೇಶ ಒಳ್ಳೆಯದು. ಆದರೆ ಬಡಗಿನ ಹೆಜ್ಜೆಗೂ ತೆಂಕಿನ ಚೆಂಡೆಯ ಪೆಟ್ಟಿಗೂ ಸರಕಾರವೇ ಯಜಮಾನನಾಗಿ ಕೂತರೆ, ಕುಂಬಳೆಯ ಹುಡುಗನು ಕುಣಿಯುವುದಕ್ಕೆ ಎಲ್ಲಿ ಅರ್ಜಿ ಹಾಕಬೇಕೆಂಬ ಭಯವೂ ಉಂಟು. ಅಂಕಿತದಲ್ಲಿ ದೇವರ ಹೆಸರಿಟ್ಟ ಕವಿಗಳು ಆ ದೇವರ ಬದಲಿಗೆ ಇಲಾಖೆಯೊಂದನ್ನು ಬಯಸಿದ್ದಾರೆನ್ನುವಂತಿಲ್ಲ.

ಕಾರಂತರ ಏಳು ಪ್ರಸಂಗಗಳ ಯಕ್ಷರಂಗದ ಹಕ್ಕು 2057ರ ಡಿಸೆಂಬರ್ 31ಕ್ಕೆ ತೀರುತ್ತದೆ. 2058ರಿಂದ ಪೊಳಲಿಯ ಗದ್ದೆಯಲ್ಲಿಯೂ ಯಾವ ಮೇಳವಾದರೂ, ಯಾರನ್ನೂ ಕೇಳದೆ, ಮಾತಿಲ್ಲದ ‘ಅಭಿಮನ್ಯು ವಧೆ’ಯನ್ನು ಸ್ಯಾಕ್ಸೊಫೋನಿನೊಡನೆ ಆಡಬಹುದು. ರಾತ್ರಿಯಿಡೀ ಮಾತು ಕೇಳಿ ರೂಢಿಯಾದ ತೆಂಕಿನ ಪ್ರೇಕ್ಷಕರು ಎರಡು ಗಂಟೆಗೇ ಎದ್ದುಹೋಗುವುದಕ್ಕೆ ಒಪ್ಪುವರೇ ಎಂಬುದನ್ನು ಯಾವ ನ್ಯಾಯಾಲಯವೂ ಹೇಳಲಾರದು. ಕರ್ತೃವಿನ ಹೆಸರನ್ನು ಹೇಳುವ, ಅವನ ಕೃತಿಯನ್ನು ವಿರೂಪಗೊಳಿಸದಿರುವ ಬಾಧ್ಯತೆಯನ್ನು ಕಾನೂನು ಬೇರೊಂದು ಕಲಮಿನಲ್ಲಿ ಇಟ್ಟಿರುವುದರಿಂದ, ಅಂದಿನ ಕರಪತ್ರದಲ್ಲಿಯೂ ಕಾರಂತರ ಹೆಸರು ಇರಬೇಕಾದೀತು.